ಜೀವಕೋಶದ ಬೆಳವಣಿಗೆ, ಕ್ರಮಭಂಗ ಮತ್ತು ಕ್ಯಾನ್ಸರ್: ಕನ್ನಡ ಪರಿಭಾಷೆಯ ಒಂದು ಪರಿಶೀಲನೆ

1. ಪ್ರಸ್ತಾವನೆ

ಕನ್ನಡದಲ್ಲಿ ರೋಗಗಳು ಸಾಮಾನ್ಯವಾಗಿ 'ಬರುತ್ತವೆ'. ಜ್ವರ ಬರುತ್ತದೆ, ಕೆಮ್ಮು ಬರುತ್ತದೆ, ಒಂದು ಕಾಲಕ್ಕೆ ಊರಿಗೆ ಊರೇ ನಡುಗುವಂತೆ ಪ್ಲೇಗು ಬರುತ್ತಿತ್ತು. ಈ ವಾಕ್ಯಗಳಲ್ಲಿ ರೋಗವೇ ಕರ್ತೃಸ್ಥಾನದಲ್ಲಿರುತ್ತದೆ. ರೋಗಿಯು ಚತುರ್ಥಿ ವಿಭಕ್ತಿಯಲ್ಲಿ ನಿಂತು ಬಂದುದನ್ನು ಅನುಭವಿಸುವವನಾಗುತ್ತಾನೆ. ಹೊರಗಿನ ರೋಗಾಣುವಿನಿಂದ ಉಂಟಾಗುವ ಕಾಯಿಲೆಗಳ ಮಟ್ಟಿಗೆ ಈ ವಾಕ್ಯರಚನೆ ವಿಜ್ಞಾನಕ್ಕೂ ಹೊಂದುತ್ತದೆ. ಆದರೆ ಇದೇ ರಚನೆಯನ್ನು ನಾವು ಕ್ಯಾನ್ಸರಿಗೂ ಬಳಸುತ್ತೇವೆ. 'ಅವರಿಗೆ ಕ್ಯಾನ್ಸರ್ ಬಂತಂತೆ' ಎಂಬ ಮಾತಿನಲ್ಲಿ ನಿನ್ನೆಯವರೆಗೆ ಇಲ್ಲದಿದ್ದ ಯಾವುದೋ ಒಂದು ವಸ್ತು ಇಂದು ದೇಹವನ್ನು ಹೊಕ್ಕಿತೆಂಬ ಧ್ವನಿಯಿದೆ.

ಜೀವವಿಜ್ಞಾನ ಹೇಳುವ ಸಂಗತಿ ಇದಕ್ಕಿಂತ ಭಿನ್ನವಾದುದು. ಕ್ಯಾನ್ಸರ್ ಬರುವಂಥದಲ್ಲ, ಆಗುತ್ತಾ ಹೋಗುವಂಥದು. ದೇಹದ ಸ್ವಂತ ಜೀವಕೋಶವೊಂದು ಹಲವು ವರ್ಷಗಳ ಅವಧಿಯಲ್ಲಿ, ಹಲವು ಹಂತಗಳಲ್ಲಿ ಮಾರ್ಪಟ್ಟು, ಬೆಳವಣಿಗೆಯ ಕಟ್ಟುಪಾಡುಗಳನ್ನು ಒಂದೊಂದಾಗಿ ಕಳೆದುಕೊಳ್ಳುವ ಪ್ರಕ್ರಿಯೆ ಅದು. ಈ ಹಂತಗಳ ನಡುವೆ ಇರುವ ಕಾಲಾವಕಾಶವೇ ಹಲವು ಸಂದರ್ಭಗಳಲ್ಲಿ ಚಿಕಿತ್ಸೆಗೆ ದೊರೆಯುವ ಅವಕಾಶ. ಹೀಗಿರುವಾಗ ಹಂತಗಳಿಗೆ ಹೆಸರಿಲ್ಲದ ಭಾಷೆಯಲ್ಲಿ ಆ ಅವಕಾಶವನ್ನು ತಿಳಿಸುವುದು ಹೇಗೆ? ಪ್ರಸ್ತುತ ಲೇಖನದಲ್ಲಿ ಜೀವಕೋಶದ ಸಹಜ ಬೆಳವಣಿಗೆ, ಅದರ ಕ್ರಮ ತಪ್ಪುವಿಕೆ ಹಾಗೂ ಅದು ಕ್ಯಾನ್ಸರಾಗಿ ಪರಿಣಮಿಸುವ ಬಗೆಯನ್ನು ವಿವರಿಸುತ್ತ, ಅದಕ್ಕೆ ಸಂಬಂಧಿಸಿದ ಕನ್ನಡ ಪದಗಳ ಸಾಧ್ಯತೆ ಮತ್ತು ಮಿತಿಗಳನ್ನು ಪರಿಶೀಲಿಸಲಾಗಿದೆ.

2. ಹೆಸರುಗಳ ಹಿನ್ನೆಲೆ

1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಗೂಡುಗಳಿಗೆ ಸಣ್ಣ ಕೊಠಡಿ ಎಂಬರ್ಥದ 'ಸೆಲ್' ಎಂಬ ಹೆಸರನ್ನು ಕೊಟ್ಟನು. ಕನ್ನಡವು ಇದಕ್ಕೆ 'ಕೋಶ' ಎಂಬ ಪದವನ್ನು ಆರಿಸಿಕೊಂಡಿತು. ಕೋಶವೆಂದರೆ ಬೊಕ್ಕಸ, ಒರೆ, ರೇಷ್ಮೆಗೂಡು. ಪದಗಳನ್ನು ಕೂಡಿಟ್ಟ ನಿಘಂಟೂ ಕೋಶವೇ. ಹುಕ್ ಕಂಡದ್ದು ಜೀವವಿಲ್ಲದ ಬರಿಯ ಗೋಡೆಗಳನ್ನು. ಒಳಗೆ ಸಂಗ್ರಹವುಳ್ಳದ್ದು ಎಂಬ ಅರ್ಥವನ್ನು ಕೊಡುವ ಕನ್ನಡದ ಪದವು, ತನ್ನೊಳಗೆ ವಂಶದ ಮಾಹಿತಿಯನ್ನೆಲ್ಲ ಇರಿಸಿಕೊಂಡ ಇಂದಿನ ಜೀವಕೋಶದ ಕಲ್ಪನೆಗೆ ಹೆಚ್ಚು ಹತ್ತಿರವಾಗಿದೆ.

ರೋಗದ ಹೆಸರಿನ ವಿಷಯ ಇಷ್ಟು ಸರಳವಾಗಿಲ್ಲ. ಗ್ರೀಕ್ ವೈದ್ಯಪರಂಪರೆಯಲ್ಲಿ ಈ ರೋಗಕ್ಕೆ 'ಕಾರ್ಕಿನೋಸ್', ಅಂದರೆ ಏಡಿ ಎಂಬ ಹೆಸರಿತ್ತು. ಗೆಡ್ಡೆಯ ಸುತ್ತ ಉಬ್ಬಿದ ರಕ್ತನಾಳಗಳು ಏಡಿಯ ಕಾಲುಗಳಂತೆ ಕಂಡುದು ಇದಕ್ಕೆ ಕಾರಣವೆಂದು ಹೇಳುವುದುಂಟು. ಇದರ ಲ್ಯಾಟಿನ್ ಅನುವಾದವೇ 'ಕ್ಯಾನ್ಸರ್'. ಕರ್ಕಾಟಕ ರಾಶಿಯ ಹೆಸರೂ ಇದೇ. ಕನ್ನಡದ 'ಏಡಿಗಂತಿ' ಎಂಬ ರಚನೆ ಈ ರೂಪಕವನ್ನೇ ಅನುಸರಿಸಿದೆ. ತಮಿಳಿನಲ್ಲಿ ಬಳಕೆಯಲ್ಲಿರುವ 'ಪುಱ್ಱುನೋಯ್' ಎಂಬ ಪದದ ಮೊದಲ ಭಾಗ ಕನ್ನಡದ 'ಹುತ್ತ' ಪದದ ಜ್ಞಾತಿ. ಏಡಿಯ ರೂಪಕ ಗೆಡ್ಡೆಯ ಆಕಾರವನ್ನು ಹೇಳಿದರೆ, ಹುತ್ತದ ರೂಪಕ ಕಣಕಣವಾಗಿ ಕಟ್ಟಿಕೊಳ್ಳುತ್ತ ಬೆಳೆಯುವ ಬಗೆಯನ್ನು ಸೂಚಿಸಬಲ್ಲದು. ಹೀಗೆ ನೋಡಿದರೆ ದ್ರಾವಿಡ ಪದವು ಪ್ರಕ್ರಿಯೆಗೆ ಹೆಚ್ಚು ಸಮೀಪವಾದುದು.

ಮಲಯಾಳದಲ್ಲಿ ರೂಢಿಯಲ್ಲಿರುವ, ಕನ್ನಡದಲ್ಲಿಯೂ ಆಗಾಗ ಕಾಣಿಸುವ 'ಅರ್ಬುದ' ಪದದ ಇತಿಹಾಸ ಇನ್ನಷ್ಟು ಕುತೂಹಲಕರವಾಗಿದೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಗಲಗಂಡಗಳ ಜೊತೆಯಲ್ಲಿ ಅರ್ಬುದದ ವಿವರಣೆ ಬರುತ್ತದೆ. ದುಂಡಗೆ, ಕದಲದೆ, ಹೆಚ್ಚು ನೋವಿಲ್ಲದೆ, ಆಳವಾಗಿ ಬೇರೂರಿ ನಿಧಾನವಾಗಿ ದೊಡ್ಡದಾಗುವ, ಕೀವಾಗದ ಮಾಂಸದ ಊತವೆಂದು ಅದನ್ನು ಅಲ್ಲಿ ಲಕ್ಷಣೀಕರಿಸಲಾಗಿದೆ. ಮೊದಲು ಹುಟ್ಟಿದ ಅರ್ಬುದದ ಮೇಲೆಯೇ ಮತ್ತೊಂದು ಬೆಳೆದರೆ ಅದಕ್ಕೆ 'ಅಧ್ಯರ್ಬುದ' ಎಂಬ ಹೆಸರಿದೆ. ಇದೇ ಪದ ಭಾರತೀಯ ಭ್ರೂಣಚಿಂತನೆಯಲ್ಲಿಯೂ ಬಳಕೆಯಾಗಿದೆ. ಬೌದ್ಧರು ಗರ್ಭದ ಬೆಳವಣಿಗೆಯನ್ನು ಕಲಲ, ಅರ್ಬುದ, ಪೇಶಿ, ಘನ ಎಂಬ ಕ್ರಮದಲ್ಲಿ ಹೇಳುತ್ತಾರೆ. ದೊಡ್ಡ ಸಂಖ್ಯೆಯೊಂದಕ್ಕೂ ಅರ್ಬುದವೆಂಬ ಹೆಸರಿದೆ. ಹುಟ್ಟುವ ಜೀವ, ಕೊಲ್ಲುವ ಗೆಡ್ಡೆ, ಎಣಿಕೆ ಮೀರಿದ ಹೆಚ್ಚಳ ಈ ಮೂರೂ ಒಂದೇ ಪದದಲ್ಲಿ ಸೇರಿಕೊಂಡಿರುವುದು ಗಮನಾರ್ಹ. ಇದರಿಂದ ಪ್ರಾಚೀನರಿಗೆ ಜೀವಕೋಶದ ಅರಿವಿತ್ತೆಂದು ತೀರ್ಮಾನಿಸಬೇಕಾಗಿಲ್ಲ. ಬೆಳವಣಿಗೆಯೇ ಎರಡಕ್ಕೂ ಸಮಾನವಾದ ಸಂಗತಿ ಎಂಬ ಭಾವನೆ ಭಾಷೆಯಲ್ಲಿತ್ತು ಎಂದಷ್ಟೇ ಹೇಳಬಹುದು.

ಇನ್ನು 'ಗ್ರಂಥಿ' ಪದದ ಗೊಂದಲವನ್ನೂ ಇಲ್ಲಿಯೇ ಗಮನಿಸಬೇಕು. ಸುಶ್ರುತನಲ್ಲಿ ಅದು ಗಂಟು. ಇಂದಿನ ಪಠ್ಯಪುಸ್ತಕಗಳಲ್ಲಿ ಅದು ರಸವನ್ನು ಸ್ರವಿಸುವ ಸಹಜ ಅಂಗ. ಥೈರಾಯ್ಡ್ ಗ್ರಂಥಿ ಎಲ್ಲರಿಗೂ ಇರುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕನ್ನಡ ಹೆಸರಿನಲ್ಲಿರುವ 'ಗಂಥಿ' ಎಂಬ ರೂಪ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಆದರೆ ಗಂತಿ, ಗಂಟು, ಗೆಡ್ಡೆ ಇವುಗಳಲ್ಲಿ ಯಾವುದೂ ಕ್ಯಾನ್ಸರಿಗೆ ಸಮಾನವಾಗದು. ಚರ್ಮದಡಿಯ ಕೊಬ್ಬಿನ ಗಂಟು ಗೆಡ್ಡೆಯೇ ಆದರೂ ಕ್ಯಾನ್ಸರ್ ಅಲ್ಲ. ರಕ್ತದ ಕ್ಯಾನ್ಸರಿನಲ್ಲಿ ರೋಗವಿದ್ದರೂ ಕೈಗೆ ಸಿಗುವ ಗೆಡ್ಡೆಯಿಲ್ಲ. ಆದುದರಿಂದ ರೋಗದ ಹೆಸರಾಗಿ ಎಲ್ಲರಿಗೂ ತಿಳಿದಿರುವ 'ಕ್ಯಾನ್ಸರ್' ಪದವನ್ನೇ ಉಳಿಸಿಕೊಂಡು, ಕನ್ನಡದ ಶ್ರಮವನ್ನು ಹಂತಗಳ ಹೆಸರಿಗೆ ಮೀಸಲಿಡುವುದು ಉಚಿತ.

3. ಸಹಜ ಬೆಳವಣಿಗೆಯ ಕ್ರಮ

ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆಯೆಂದು ಅಂದಾಜು. ದಿನವೊಂದಕ್ಕೆ ಸುಮಾರು 33 ಸಾವಿರ ಕೋಟಿ ಕೋಶಗಳು ಸತ್ತು, ಅಷ್ಟೇ ಹೊಸ ಕೋಶಗಳು ಹುಟ್ಟುತ್ತವೆ. ಇವುಗಳಲ್ಲಿ ಹೆಚ್ಚಿನವು ರಕ್ತದ ಕೋಶಗಳು ಮತ್ತು ಕರುಳಿನ ಒಳಪದರದ ಕೋಶಗಳು. ಎಲ್ಲ ಜೀವಕೋಶಗಳೂ ಮೊದಲೇ ಇದ್ದ ಜೀವಕೋಶಗಳಿಂದಲೇ ಹುಟ್ಟುತ್ತವೆ ಎಂಬ ತತ್ತ್ವವನ್ನು ನೆಲೆಗೊಳಿಸಿ, ರೋಗವನ್ನು ಕೋಶದ ಮಟ್ಟದಲ್ಲಿ ಹುಡುಕಬೇಕೆಂದು 1858ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದವನು ಜರ್ಮನಿಯ ರುಡಾಲ್ಫ್ ವಿರ್ಖೋ. ಕ್ಯಾನ್ಸರ್ ಕೋಶವೂ ಈ ತತ್ತ್ವಕ್ಕೆ ಹೊರತಲ್ಲ. ಅದೂ ದೇಹದ ಯಾವುದೋ ಸಹಜ ಕೋಶದ ಸಂತತಿಯೇ.

ಕೋಶವಿಭಜನೆಯು ಒಂದು ನಿಯತ ಚಕ್ರದಲ್ಲಿ ನಡೆಯುತ್ತದೆ. ಕೋಶ ಮೊದಲು ಗಾತ್ರದಲ್ಲಿ ಬೆಳೆಯುತ್ತದೆ. ಅನಂತರ ತನ್ನ ಡಿಎನ್‌ಎಯನ್ನು ಇಮ್ಮಡಿಗೊಳಿಸಿಕೊಳ್ಳುತ್ತದೆ. ನಕಲು ಸರಿಯಾಗಿದೆಯೆ ಎಂಬುದನ್ನು ನೋಡಿಕೊಂಡು ಎರಡಾಗಿ ಒಡೆಯುತ್ತದೆ. ಮುನ್ನೂರು ಕೋಟಿಯಷ್ಟು ಅಕ್ಷರಗಳ ಎರಡು ಪ್ರತಿಗಳನ್ನು ಪ್ರತಿಸಲವೂ ನಕಲು ಮಾಡಬೇಕಾಗುತ್ತದೆ. ಹಸ್ತಪ್ರತಿಗಳೊಡನೆ ಕೆಲಸ ಮಾಡುವ ನಮಗೆ ಲಿಪಿಕಾರನ ಸ್ಖಾಲಿತ್ಯ ಹೊಸದಲ್ಲ. ವ್ಯತ್ಯಾಸವೆಂದರೆ ಕೋಶದಲ್ಲಿ ಲಿಪಿಕಾರನ ಪಕ್ಕದಲ್ಲಿಯೇ ಪರಿಷ್ಕರಣಕಾರನೂ ಕುಳಿತಿರುತ್ತಾನೆ. ತಪ್ಪು ಕಂಡರೆ ಚಕ್ರ ನಿಲ್ಲುತ್ತದೆ, ದುರಸ್ತಿ ನಡೆಯುತ್ತದೆ. ತಿದ್ದಲಾಗದಷ್ಟು ಕೆಟ್ಟಿದ್ದರೆ ಕೋಶ ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. ಈ ನಿಯೋಜಿತ ಸಾವಿಗೆ 1972ರಲ್ಲಿ ವಿಜ್ಞಾನಿಗಳು 'ಅಪೊಪ್ಟೋಸಿಸ್' ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಅದು ಮರದಿಂದ ಎಲೆಯುದುರುವುದನ್ನು ಸೂಚಿಸುವ ಪದ. ಕನ್ನಡದ 'ಉದುರು' ಧಾತು ಇಲ್ಲಿ ಸಹಜವಾಗಿ ಒದಗುತ್ತದೆ. 'ಕೋಶದ ಉದುರುವಿಕೆ' ಎಂದರೆ ಅರ್ಥವೂ ಭಾವವೂ ಕೆಡುವುದಿಲ್ಲ.

ವಿಭಜನೆಯ ಸಂಖ್ಯೆಗೂ ಮಿತಿಯಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಸಾಮಾನ್ಯ ಕೋಶಗಳು ಸುಮಾರು 40ರಿಂದ 60 ಸಲ ಒಡೆದ ಮೇಲೆ ನಿಲ್ಲುತ್ತವೆಂಬುದನ್ನು 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ತೋರಿಸಿದರು. ವರ್ಣತಂತುಗಳ ತುದಿಯಲ್ಲಿರುವ ಟೀಲೋಮಿಯರ್ ಎಂಬ ಭಾಗ ಪ್ರತಿ ವಿಭಜನೆಯಲ್ಲಿ ಸವೆಯುವುದು ಇದಕ್ಕೆ ಮುಖ್ಯ ಕಾರಣ. ಬೆಳೆಯುವುದು, ನಿಲ್ಲುವುದು, ಉದುರುವುದು ಈ ಮೂರೂ ಸೇರಿ ಸಹಜ ಬೆಳವಣಿಗೆ. ಕನ್ನಡದಲ್ಲಿ 'ಬೆಳವಣಿಗೆ' ಎಂಬ ಮಾತಿಗೆ ಏರುವುದು ಎಂಬ ಒಂದೇ ದಿಕ್ಕು ಇರುವುದರಿಂದ, ಪಾಠ ಮಾಡುವವರು ಉಳಿದ ಎರಡನ್ನೂ ಸೇರಿಸಿ ಹೇಳಬೇಕಾಗುತ್ತದೆ.

4. ಕಟ್ಟು ಸಡಿಲವಾಗುವ ಬಗೆ

ಪೇಟನ್ ರೌಸ್ 1911ರಲ್ಲಿ ಕೋಳಿಗಳ ಒಂದು ಬಗೆಯ ಗೆಡ್ಡೆಗೆ ವೈರಸ್ ಕಾರಣವೆಂದು ತೋರಿಸಿದಾಗ, ರೋಗ ಹೊರಗಿನಿಂದಲೇ ಬರುತ್ತದೆಂಬ ನಂಬಿಕೆಗೆ ಬಲ ಬಂದಂತಿತ್ತು. ಆದರೆ ಆ ವೈರಸ್ಸಿನಲ್ಲಿ ಗೆಡ್ಡೆಯನ್ನುಂಟುಮಾಡುವ ಜೀನ್ ಮೂಲತಃ ಕೋಳಿಯ ಸಹಜ ಜೀವಕೋಶದ್ದೇ ಎಂಬುದನ್ನು 1976ರಲ್ಲಿ ಮೈಕೇಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಹೊರಗಿನ ಶತ್ರುವನ್ನು ಹುಡುಕಿಕೊಂಡು ಹೋದವರಿಗೆ ಕಂಡದ್ದು ಮನೆಯೊಳಗಿನ ಮುಖ. ಈ ಶೋಧಕ್ಕೆ ಬಿಷಪ್ ಮತ್ತು ವಾರ್ಮಸ್ 1989ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಕೋಶವನ್ನು ಬೆಳೆಯಲು ಪ್ರೇರಿಸುವ ಜೀನ್‌ಗಳು ಒಂದು ಬಗೆ, ತಡೆಯುವ ಜೀನ್‌ಗಳು ಇನ್ನೊಂದು ಬಗೆ. ಉಳುವ ಎತ್ತಿಗೆ ಬಾರುಕೋಲು ಮತ್ತು ಮೂಗುದಾರ ಇರುವಂತೆ ಇವುಗಳ ಕೆಲಸ. ಪ್ರೇರಕ ಜೀನ್‌ಗಳಲ್ಲಿ ಒಂದು ಪ್ರತಿ ಕೆಟ್ಟರೂ ಬಾರುಕೋಲು ಎಡೆಬಿಡದೆ ಬೀಸತೊಡಗುತ್ತದೆ. ತಡೆಯುವ ಜೀನ್‌ಗಳಲ್ಲಿ ಸಾಮಾನ್ಯವಾಗಿ ಎರಡು ಪ್ರತಿಗಳೂ ಹೋದಾಗಲೇ ಹಿಡಿತ ತಪ್ಪುತ್ತದೆ. ಮಕ್ಕಳ ಕಣ್ಣಿನ ರೆಟಿನೋಬ್ಲಾಸ್ಟೋಮ ಎಂಬ ಕ್ಯಾನ್ಸರನ್ನು ಅಭ್ಯಸಿಸಿದ ಆಲ್ಫ್ರೆಡ್ ನುಡ್ಸನ್ 1971ರಲ್ಲಿ ಈ 'ಎರಡು ಪೆಟ್ಟಿನ' ಸಿದ್ಧಾಂತವನ್ನು ಮಂಡಿಸಿದನು. ಅದಕ್ಕೆ ಕಾರಣವಾದ ಆರ್‌ಬಿ ಜೀನನ್ನು 1986ರಲ್ಲಿ ಬೇರ್ಪಡಿಸಿದಾಗ ಸಿದ್ಧಾಂತಕ್ಕೆ ಆಧಾರ ದೊರೆಯಿತು. 1979ರಲ್ಲಿ ಪತ್ತೆಯಾದ ಪಿ53 ಎಂಬ ಪ್ರೋಟೀನು ದೋಷವಿರುವ ಕೋಶವನ್ನು ತಡೆದು ನಿಲ್ಲಿಸುವ, ಅಗತ್ಯಬಿದ್ದರೆ ಉದುರಿಸುವ ಕಾವಲುಗಾರ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದರ ಜೀನ್ ಕೆಟ್ಟಿರುತ್ತದೆ.

ಇಲ್ಲಿ ಕನ್ನಡದ ಒಂದು ಪದ ಗಂಭೀರವಾದ ತಪ್ಪುಗ್ರಹಿಕೆಗೆ ಎಡೆಮಾಡುತ್ತಿದೆ. 'ಜೀನ್' ಎಂಬುದಕ್ಕೆ ನಾವು 'ವಂಶವಾಹಿ' ಎನ್ನುತ್ತೇವೆ. ಕ್ಯಾನ್ಸರ್ ವಂಶವಾಹಿಯ ದೋಷದಿಂದ ಆಗುತ್ತದೆ ಎಂದು ಬರೆದರೆ ಓದುಗನು ಅದನ್ನು ವಂಶದ ದೋಷವೆಂದೇ ತಿಳಿಯುತ್ತಾನೆ. ವಾಸ್ತವವಾಗಿ ಹುಟ್ಟಿನಿಂದ ಬಂದ ಜೀನ್ ದೋಷ ಮುಖ್ಯ ಕಾರಣವಾಗಿರುವ ಕ್ಯಾನ್ಸರುಗಳು ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ. ಉಳಿದವುಗಳಲ್ಲಿ ದೋಷ ಉಂಟಾಗುವುದು ಆ ವ್ಯಕ್ತಿಯ ಜೀವಿತಕಾಲದಲ್ಲಿ, ಶ್ವಾಸಕೋಶದ್ದೋ ಕರುಳಿನದೋ ಒಂದು ಕೋಶದಲ್ಲಿ. ಅದು ಮಕ್ಕಳಿಗೆ ಹರಿಯುವುದಿಲ್ಲ. ತಾಯಿಗೆ ಕ್ಯಾನ್ಸರ್ ಆಯಿತೆಂದು ಮಗಳ ಮದುವೆಯ ಮಾತುಕತೆ ಮುರಿದುಬೀಳಬಹುದಾದ ಸಮಾಜದಲ್ಲಿ ಇದು ಬರಿಯ ಶಬ್ದಾರ್ಥದ ಚರ್ಚೆಯಲ್ಲ. ದೇಹಕೋಶದ ಮಾರ್ಪಾಟನ್ನು ಹೇಳುವಾಗ 'ಜೀನ್' ಎಂದೇ ಬರೆದು, ಅನುವಂಶೀಯತೆಯ ಸಂದರ್ಭಕ್ಕೆ ಮಾತ್ರ 'ವಂಶವಾಹಿ'ಯನ್ನು ಉಳಿಸಿಕೊಳ್ಳುವುದು ಹೆಚ್ಚು ಸುರಕ್ಷಿತ.

ಒಂದು ದೋಷದಿಂದ ಕ್ಯಾನ್ಸರಾಗುವುದು ಅಪರೂಪ. ವಯಸ್ಸಿನೊಡನೆ ರೋಗ ಹೆಚ್ಚುವ ಪ್ರಮಾಣವನ್ನು ಲೆಕ್ಕಹಾಕಿ, ಇದಕ್ಕೆ ಆರೇಳು ಹಂತಗಳು ಬೇಕಾಗಬಹುದೆಂದು ಆರ್ಮಿಟೇಜ್ ಮತ್ತು ಡಾಲ್ 1954ರಲ್ಲಿಯೇ ಸೂಚಿಸಿದ್ದರು. ದೊಡ್ಡ ಕರುಳಿನಲ್ಲಿ ಸಣ್ಣ ಗಂಟು ದೊಡ್ಡದಾಗಿ ಕ್ಯಾನ್ಸರಾಗುವವರೆಗೆ ಯಾವ ಯಾವ ಜೀನ್‌ಗಳು ಕೆಡುತ್ತ ಹೋಗುತ್ತವೆಂಬ ಮಾದರಿಯನ್ನು 1990ರಲ್ಲಿ ಫಿಯರನ್ ಮತ್ತು ವೋಗೆಲ್‌ಸ್ಟೈನ್ ಮುಂದಿಟ್ಟರು. ಪ್ರತಿ ದೋಷವೂ ಆ ಕೋಶದ ಸಂತತಿಗೆ ಪಕ್ಕದ ಕೋಶಗಳಿಗಿಂತ ತುಸು ಹೆಚ್ಚಿನ ಅನುಕೂಲವನ್ನು ಕೊಡುತ್ತದೆ. ಸಂತತಿ ಹೆಚ್ಚಿದಂತೆ ಮುಂದಿನ ದೋಷಕ್ಕೆ ಅವಕಾಶವೂ ಹೆಚ್ಚುತ್ತದೆ. ಕ್ಯಾನ್ಸರನ್ನು 'ಕಳೆ' ಎಂದು ಕರೆಯುವ ರೂಢಿ ನಮ್ಮ ಜನಪ್ರಿಯ ಬರವಣಿಗೆಯಲ್ಲಿದೆ. ಕಳೆಯ ಬೀಜ ಬೇರೆ, ಬೆಳೆಯ ಬೀಜ ಬೇರೆ. ಇಲ್ಲಿಯಾದರೋ ಬೆಳೆಯೇ ತನ್ನ ಕ್ರಮವನ್ನು ಮರೆತಿರುತ್ತದೆ. ಕ್ಯಾನ್ಸರ್ ಚಿಕಿತ್ಸೆ ಕಠಿಣವಾಗಿರುವುದಕ್ಕೆ ಈ ಹೋಲಿಕೆಯೇ ಒಂದು ಕಾರಣ: ಕೊಲ್ಲಬೇಕಾದ ಕೋಶವು ಉಳಿಸಬೇಕಾದ ಕೋಶದಂತೆಯೇ ಇರುತ್ತದೆ.

5. ಹಂತಗಳು ಮತ್ತು ಅವುಗಳ ಹೆಸರು

ಸೂಕ್ಷ್ಮದರ್ಶಕದಲ್ಲಿ ಕಾಣುವ ಮಾರ್ಪಾಟುಗಳಿಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಹೆಸರುಗಳಿವೆ. ಕೋಶಗಳ ಸಂಖ್ಯೆ ಹೆಚ್ಚಿದ್ದರೂ ರೂಪ ಕೆಟ್ಟಿರದ ಸ್ಥಿತಿ ಹೈಪರ್‌ಪ್ಲೇಸಿಯಾ. ಬಸುರಿಯ ಸ್ತನದಲ್ಲಿ ಇದು ಸಹಜವಾಗಿಯೇ ಆಗುತ್ತದೆ. ಇದಕ್ಕೆ 'ಸಂಖ್ಯಾವೃದ್ಧಿ' ಎನ್ನಬಹುದು. ಒಂದು ಬಗೆಯ ಕೋಶಗಳ ಜಾಗದಲ್ಲಿ ಇನ್ನೊಂದು ಬಗೆಯ ಸಹಜ ಕೋಶಗಳು ನೆಲಸುವುದು ಮೆಟಾಪ್ಲೇಸಿಯಾ. ಧೂಮಪಾನಿಗಳ ಶ್ವಾಸನಾಳದಲ್ಲಿ ಕಂಬದಾಕಾರದ ಕೋಶಗಳ ಬದಲು ಚಪ್ಪಟೆ ಕೋಶಗಳು ಬರುವುದು ಇದಕ್ಕೆ ನಿದರ್ಶನ. ಇದಕ್ಕೆ 'ರೂಪಾಂತರ' ಎಂಬ ಪದ ಸಾಕು. ಈ ಎರಡೂ ಸ್ಥಿತಿಗಳು ಕಾರಣ ತೊಲಗಿದರೆ ಹಿಂದಿರುಗಬಲ್ಲವು.

ಮೂರನೆಯದಾದ ಡಿಸ್‌ಪ್ಲೇಸಿಯಾದಲ್ಲಿ ಕೋಶಕೇಂದ್ರಗಳು ಹಿಗ್ಗುತ್ತವೆ, ಕೋಶಗಳ ಆಕಾರ ಒಂದರಂತೆ ಒಂದಿರುವುದಿಲ್ಲ, ಪದರಗಳ ಜೋಡಣೆ ಕದಡುತ್ತದೆ. ಇದನ್ನು 'ವಿಕೃತಿ' ಎಂದು ಅನುವಾದಿಸುವುದು ಸುಲಭ. ಆದರೆ ಕನ್ನಡದಲ್ಲಿ ವಿಕೃತ ಎಂಬುದಕ್ಕೆ ನೈತಿಕ ಕಳಂಕದ ಛಾಯೆ ಅಂಟಿಕೊಂಡಿದೆ. ಗರ್ಭಕೊರಳಿನ ತಪಾಸಣೆಗೆ ಬಂದ ಹೆಂಗಸಿಗೆ 'ನಿಮ್ಮಲ್ಲಿ ವಿಕೃತ ಕೋಶಗಳಿವೆ' ಎಂದರೆ ಆಕೆ ಏನನ್ನು ಕೇಳಿಸಿಕೊಂಡಾಳು? ಕಾವ್ಯಮೀಮಾಂಸೆಯಲ್ಲಿ 'ಪ್ರಕ್ರಮಭಂಗ' ಎಂಬ ದೋಷವೊಂದಿದೆ. ಹಿಡಿದ ಕ್ರಮವನ್ನು ನಡುವೆ ಕೈಬಿಡುವುದು ಅದರ ಲಕ್ಷಣ. ಆ ಮಾದರಿಯಲ್ಲಿ ಡಿಸ್‌ಪ್ಲೇಸಿಯಾವನ್ನು 'ಕ್ರಮಭಂಗ' ಎಂದು ಕರೆಯಬಹುದೆಂಬುದು ಈ ಲೇಖನದ ಸೂಚನೆ. ಭಂಗವಾದ ಕ್ರಮವನ್ನು ಸರಿಪಡಿಸಲು ಸಾಧ್ಯ ಎಂಬ ಅರ್ಥವೂ ಅದರಲ್ಲಿ ಅಡಗಿದೆ.

ಈ ಹೆಸರಿನ ಅಗತ್ಯವನ್ನು ಗರ್ಭಕೊರಳಿನ ಕ್ಯಾನ್ಸರ್ ಸ್ಪಷ್ಟಪಡಿಸುತ್ತದೆ. ಇದರ ಮೂಲದಲ್ಲಿ ಹ್ಯೂಮನ್ ಪ್ಯಾಪಿಲೋಮ ವೈರಸ್ ಇದೆಯೆಂಬುದನ್ನು ತೋರಿಸಿದ ಹೆರಾಲ್ಡ್ ತ್ಸೂರ್ ಹೌಸೆನ್ 2008ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಹಾಗಾದರೆ ಈ ಕ್ಯಾನ್ಸರ್ ಹೊರಗಿನಿಂದ 'ಬಂದದ್ದೇ' ಅಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಬರುವುದು ವೈರಸ್ಸು, ಬಹುಪಾಲು ಜನರಲ್ಲಿ ದೇಹವೇ ಅದನ್ನು ತೊಡೆದುಹಾಕುತ್ತದೆ. ಉಳಿದುಕೊಂಡ ಕೆಲವರಲ್ಲಿ ವೈರಸ್ಸಿನ ಎರಡು ಪ್ರೋಟೀನುಗಳು ಮೇಲೆ ಹೇಳಿದ ಪಿ53 ಮತ್ತು ಆರ್‌ಬಿ ಕಾವಲುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಅಲ್ಲಿಂದ ಕ್ರಮಭಂಗ, ಅದರಿಂದ ಮುಂದೆ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರೋಗನಿರೋಧಕ ಶಕ್ತಿ ಸಹಜವಾಗಿರುವ ಹೆಂಗಸರಲ್ಲಿ ಈ ಪಯಣಕ್ಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಸೌಮ್ಯ ಕ್ರಮಭಂಗ ಬಹುಮಟ್ಟಿಗೆ ತಾನೇ ಮಾಯವಾಗುತ್ತದೆ. ತೀವ್ರವಾದುದನ್ನು ಸಣ್ಣ ಚಿಕಿತ್ಸೆಯಿಂದ ತೆಗೆದುಹಾಕಬಹುದು.

ವರದಿಯಲ್ಲಿರುವ ಈ ಹಂತವನ್ನು ಮನೆಯವರಿಗೆ ವಿವರಿಸುವವರು ಬೇರೆ ಪದ ಸಿಗದೆ 'ಕ್ಯಾನ್ಸರ್' ಎಂದರೆ ಹೆಂಗಸು ಜೀವದಾಸೆಯನ್ನೇ ಬಿಡಬಹುದು. 'ಏನೂ ಇಲ್ಲ' ಎಂದರೆ ಮುಂದಿನ ತಪಾಸಣೆಗೆ ಆಕೆ ಬಾರದಿರಬಹುದು. ಎರಡು ತಪ್ಪುಗಳ ನಡುವೆ ನಿಲ್ಲಬಲ್ಲ ಒಂದು ಪದ ಭಾಷೆಗೆ ಬೇಕಾಗಿದೆ.

ಬಾಯಿಯ ಕ್ಯಾನ್ಸರ್ ಕರ್ನಾಟಕಕ್ಕೆ ಇನ್ನೂ ಹತ್ತಿರದ ಉದಾಹರಣೆ. ದೇಶದಲ್ಲಿ ಅತಿಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ, ಹೊಗೆಸೊಪ್ಪು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಕ್ಯಾನ್ಸರಿಗೆ ಮೊದಲು ಬಾಯಿಯಲ್ಲಿ ಒರೆಸಿದರೆ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಅಥವಾ ಒಳಚರ್ಮ ಗಡುಸಾಗಿ ಬಾಯಿ ಅಗಲಿಸಲಾಗದ ಸ್ಥಿತಿ ಹಲವರಲ್ಲಿ ಕಾಣಿಸಿಕೊಳ್ಳುತ್ತದೆ. 'ಬಾಯಿ ಹುಣ್ಣು' ಎಂಬ ಒಂದೇ ಮಾತು ಉಷ್ಣದ ಗುಳ್ಳೆಯಿಂದ ಹಿಡಿದು ಇವೆಲ್ಲವನ್ನೂ ಮುಚ್ಚಿಬಿಡುವುದರಿಂದ, ಆಸ್ಪತ್ರೆಗೆ ಹೋಗಬೇಕಾದವರು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ.

6. ಎಲ್ಲೆ ದಾಟುವಿಕೆ

ಕ್ರಮಭಂಗವು ಪದರದ ದಪ್ಪವನ್ನೆಲ್ಲ ವ್ಯಾಪಿಸಿಯೂ ತಳದ ತೆಳುಪೊರೆಯನ್ನು ದಾಟದಿದ್ದರೆ ಅದು 'ಸ್ವಸ್ಥಾನ ಕ್ಯಾನ್ಸರ್'. ಆ ಪೊರೆ ಹರಿದ ಗಳಿಗೆಯೇ ನಿರ್ಣಾಯಕವಾದುದು. ಅನಂತರ ಕೋಶಗಳು ರಕ್ತ ಅಥವಾ ದುಗ್ಧರಸದ ನಾಳಗಳನ್ನು ಸೇರಿ ದೂರದ ಅಂಗಗಳಲ್ಲಿ ನೆಲೆಯೂರಬಹುದು. ಈ 'ಸ್ಥಾನಾಂತರ' ಮನಬಂದಂತೆ ನಡೆಯುವುದಿಲ್ಲವೆಂದೂ, ಬೀಜಕ್ಕೆ ತಕ್ಕ ಮಣ್ಣು ಸಿಕ್ಕಲ್ಲಿ ಮಾತ್ರ ಅದು ಬೇರುಬಿಡುತ್ತದೆಂದೂ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಹೇಳಿದನು. ಕ್ಯಾನ್ಸರಿನಿಂದಾಗುವ ಸಾವುಗಳಲ್ಲಿ ಹೆಚ್ಚಿನವಕ್ಕೆ ಮೂಲಗೆಡ್ಡೆಗಿಂತ ಈ ಸ್ಥಾನಾಂತರವೇ ಕಾರಣ.

ಹೀಗೆ ಎಲ್ಲೆ ದಾಟುವ ಗೆಡ್ಡೆಗೆ ಕನ್ನಡದಲ್ಲಿ 'ಮಾರಕ' ಎಂಬ ವಿಶೇಷಣವನ್ನು ಬಳಸುತ್ತೇವೆ. ಮಾರಕವೆಂದರೆ ಕೊಲ್ಲುವಂಥದು. ಇದು ರೋಗಲಕ್ಷಣದ ಹೆಸರಲ್ಲ, ತೀರ್ಪು. ಬೇಗ ಪತ್ತೆಯಾದ ಎಷ್ಟೋ ಕ್ಯಾನ್ಸರುಗಳು ಇಂದು ಗುಣವಾಗುತ್ತಿರುವಾಗ ಗೆಡ್ಡೆಯ ಸ್ವಭಾವವನ್ನಷ್ಟೇ ಹೇಳುವ 'ಎಲ್ಲೆ ಮೀರುವ ಗೆಡ್ಡೆ', ಅದಕ್ಕೆ ಎದುರಾಗಿ 'ಎಲ್ಲೆಯೊಳಗಿನ ಗೆಡ್ಡೆ' ಎಂಬ ಮಾತುಗಳು ಸಾಕಾಗುತ್ತವೆ. ರೋಗದ ಸುತ್ತ ಕಟ್ಟಿಕೊಳ್ಳುವ ರೂಪಕಗಳು ರೋಗಿಯ ಹೊರೆಯನ್ನು ಹೆಚ್ಚಿಸುತ್ತವೆಂಬುದನ್ನು ಸೂಸನ್ ಸೊಂಟಾಗ್ 1978ರ ತನ್ನ ಕೃತಿಯಲ್ಲಿ ವಾದಿಸಿದ್ದಾಳೆ. ಭ್ರಷ್ಟಾಚಾರವನ್ನು ಸಮಾಜದ ಕ್ಯಾನ್ಸರ್ ಎಂದು ಭಾಷಣ ಮಾಡುವಾಗ, ಸಭೆಯ ಕೊನೆಯ ಸಾಲಿನಲ್ಲಿ ಚಿಕಿತ್ಸೆ ಪಡೆಯುತ್ತಿರುವ ಒಬ್ಬರಾದರೂ ಕುಳಿತಿರಬಹುದೆಂಬುದನ್ನು ನಾವು ಮರೆಯುತ್ತೇವೆ.

7. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕ್ಯಾನ್ಸರಿಗೆ ಹೊಸ ಹೆಸರನ್ನು ಟಂಕಿಸುವ ಅಗತ್ಯ ಕನ್ನಡಕ್ಕಿಲ್ಲ. ಅಗತ್ಯವಿರುವುದು ಸಹಜ ಬೆಳವಣಿಗೆ, ಸಂಖ್ಯಾವೃದ್ಧಿ, ರೂಪಾಂತರ, ಕ್ರಮಭಂಗ, ಸ್ವಸ್ಥಾನ ಕ್ಯಾನ್ಸರ್, ಎಲ್ಲೆ ದಾಟುವಿಕೆ, ಸ್ಥಾನಾಂತರ ಎಂಬ ಕ್ರಮವನ್ನು ಗುರುತಿಸಿ ಹೇಳುವ ಪದಗಳು. ಇಲ್ಲಿ ಸೂಚಿಸಿದ ರೂಪಗಳೇ ಅಂತಿಮವೆಂಬ ಹಟ ಬೇಕಾಗಿಲ್ಲ. ಇವುಗಳಿಗಿಂತ ಉತ್ತಮವಾದವು ಬಳಕೆಗೆ ಬಂದರೆ ಒಳಿತೇ. ಪದಗಳ ಜೊತೆಗೆ ಕ್ರಿಯಾಪದದ ಕಡೆಗೂ ಗಮನ ಹರಿಯಬೇಕು. 'ಬಂತು' ಎಂಬಲ್ಲಿ 'ಆಗುತ್ತಾ ಬಂದಿದೆ' ಎಂದು ಬರೆಯುವುದರಿಂದ ವಾಕ್ಯ ತುಸು ಉದ್ದವಾಗುತ್ತದೆ, ಆದರೆ ಆ ಉದ್ದದಲ್ಲಿ ಹದಿನೈದು ವರ್ಷಗಳ ಅವಕಾಶ ಕಾಣಿಸುತ್ತದೆ.

ಕನ್ನಡ ಅಧ್ಯಾಪಕರು ವೈದ್ಯರಲ್ಲ. ಆದರೆ ನಾಳೆ ಆರೋಗ್ಯ ಇಲಾಖೆಯ ಕರಪತ್ರವನ್ನು ಅನುವಾದಿಸುವವರು, ಪತ್ರಿಕೆಯ ಆರೋಗ್ಯ ಪುರವಣಿಯನ್ನು ತಿದ್ದುವವರು, ಹಳ್ಳಿಯ ಶಾಲೆಯಲ್ಲಿ ವಿಜ್ಞಾನವನ್ನು ಕನ್ನಡದಲ್ಲಿ ಹೇಳುವವರು ಇಂದು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಭಾಷಾಂತರ ಪತ್ರಿಕೆಯ ಪಾಠದಲ್ಲಿ ಒಂದು ರೋಗನಿದಾನ ವರದಿಯನ್ನು ಅಭ್ಯಾಸಕ್ಕೆ ಕೊಟ್ಟು, ಅದನ್ನು ಓದುಬರಹ ಅಷ್ಟಾಗಿ ಬಾರದ ತಾಯಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಲು ಹೇಳುವುದರಿಂದ ಈ ಕೆಲಸವನ್ನು ಆರಂಭಿಸಬಹುದು.